ಜೋಡಿದಾರನ ಆವರೇಜ್

ಮುಂದಿನ ಗಾಲಿ ಪಂಕ್ಚರ್ ಆಗಬಹುದಿತ್ತು. ಹಿಂದಿನದು ಆಗಬಹುದಿತ್ತು. ಎರಡೂ ಒಟ್ಟಿಗೇ ಆಗುವುದು ಅಪರೂಪ, ಆದರೆ ನನ್ನ ಹಣೆಬರಹದಲ್ಲಿ ಅಪರೂಪಗಳಿಗೇನೂ ಬರವಿಲ್ಲ. ಮಕ್ತಲ್ ದಾಟಿದ ಮೇಲೆ ಕ್ಲಚ್ಚಿನ ಕೇಬಲ್ ಕಡಿಯಬಹುದಿತ್ತು. ನಾರ್ವ ಕ್ರಾಸಿನ ಕಂದು ನಾಯಿ, ಯಾವ ಗಾಡಿಯ ಸಪ್ಪಳವನ್ನಾದರೂ ಊರಾಚೆಯಿಂದಲೇ ಗುರುತು ಹಿಡಿಯುವ ನಾಯಿ, ಬೆನ್ನು ಹತ್ತಬಹುದಿತ್ತು. ನಾನು ಹೆದರಿ ಎಕ್ಸಲೇಟರ್ ತಿರುವಿ ಒಂದು ಲೋಟ ಪೆಟ್ರೋಲನ್ನು ಗಾಳಿಗೆ ಬಿಡಬಹುದಿತ್ತು. ಅಮರಚಿಂತೆಯ ಹತ್ತಿರ ಕುರಿಹಿಂಡು ಅಡ್ಡ ಬಂದು, ಹಿಂಡಿನ ಯಜಮಾನ ನನ್ನನ್ನು ಗುರುತಿಸಿ, ಕೆಮ್ಮುವ ಟಗರಿನ ವಿಷಯ ತೆಗೆಯಬಹುದಿತ್ತು. ಜುರಾಲ ಡ್ಯಾಮಿನ ಮೇಲೆ ಎದುರುಗಾಳಿ ಏಳಬಹುದಿತ್ತು. ಗದ್ವಾಲದೊಳಗೆ ಹತ್ತಿಯ ಲಾರಿಗಳ ಹಿಂದೆ ಫಸ್ಟ್ ಗೇರಿನಲ್ಲೇ ತೆವಳಬೇಕಾಗಬಹುದಿತ್ತು. ಪೆಟ್ರೋಲಿನಲ್ಲಿ ನೀರಿರಬಹುದಿತ್ತು. ಏನೂ ಇಲ್ಲದಿದ್ದರೆ ನನಗೇ ತಲೆಸುತ್ತು ಬರಬಹುದಿತ್ತು.

ಇಷ್ಟನ್ನೂ ಅಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಹೆಂಡತಿಯ ಮುಂದೆ ಒಪ್ಪಿಸಿದ್ದೆ. ಆಕೆ ಒಲೆಯ ಕಡೆಯಿಂದ ತಿರುಗದೆ ಹೇಳಿದಳು: “ಇಷ್ಟೆಲ್ಲಾ ಆಗೋದಿದ್ರ ಗಾಡಿ ಮನ್ಯಾಗ ಇಟ್ಟು ಬಸ್ಸಿಗೆ ಹೋಗ್ರಿ. ಬಸ್ಸಿನ ಆವರೇಜ್ ಡ್ರೈವರ್ ನೋಡ್ಕೋತಾನ.”

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಅದನ್ನು ಹೇಳಬೇಕಾದರೆ ನಮ್ಮ ಅಂಗಡಿಯ ಸಾವ್ಕಾರರ ಅಳಿಯನಿಂದ ಶುರುಮಾಡಬೇಕು.

ನಾರಾಯಣಪೇಟೆಯಲ್ಲಿ ದನ-ಕುರಿಗಳ ಔಷಧಿ ಮಾರುವ ಸಗಟು ಅಂಗಡಿಯೊಂದಕ್ಕೆ ನಾನು ಆರ್ಡರ್ ಹಿಡಿಯುವ ಮನುಷ್ಯ. ಜಂತಿನ ಔಷಧಿ, ಕೆಚ್ಚಲಿಗೆ ಹಚ್ಚುವ ಮುಲಾಮು, ಕ್ಯಾಲ್ಸಿಯಂ ಕ್ಯಾನು. ಊರೂರಿನ ಅಂಗಡಿಗೆ ಹೋಗಿ, ಏನು ಖಾಲಿಯಾಗಿದೆ ಎಂದು ಕಪಾಟು ಇಣುಕಿ, ಆರ್ಡರ್ ತಂದು ಕೊಡುವುದು. ಹೀಗೆ ತಿರುಗುವ ದಾರಿಗೆ ನಮ್ಮ ಧಂದೆಯಲ್ಲಿ ಲೈನು ಅನ್ನುತ್ತಾರೆ. ನನ್ನದು ಮಕ್ತಲ್, ಮಾಗನೂರು, ನದಿದಂಡೆಯ ಕೃಷ್ಣಾ ಊರಿನ ಲೈನು. ನನ್ನ ಜೊತೆ ಇದೇ ಕೆಲಸ ಮಾಡುವ ಜೋಡಿದಾರನದು ಗದ್ವಾಲ, ಅಲಂಪುರದ ಲೈನು. ಅವನು ಗದ್ವಾಲದವನೇ, ತಾಯಿ ರಾಯಚೂರು ಕಡೆಯವಳಾದ್ದರಿಂದ ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು. ಕೌಂಟರಿನಲ್ಲಿ ಕೂರುತ್ತಿದ್ದವನು ಸಾವ್ಕಾರರ ಅಳಿಯ. ಅವನು ಹೈದರಾಬಾದಿನಲ್ಲಿ ಸ್ವಂತ ವ್ಯಾಪಾರ ಮಾಡುತ್ತೇನೆಂದು ಹೊರಟುಬಿಟ್ಟ. ಕೌಂಟರು ಖಾಲಿಯಾಯಿತು.

ಸಾವ್ಕಾರರು ಇಬ್ಬರನ್ನೂ ಕರೆದು ಕೂರಿಸಿಕೊಂಡರು. “ನೋಡ್ರಿ, ಹೊಸ ಮನಷ್ಯಾನ್ನ ನಾ ಇಟ್ಕೊಳ್ಳಂಗಿಲ್ಲ. ನಿಮ್ಮಿಬ್ಬರಾಗ ಒಬ್ರು ಕೌಂಟರ್‌ದಾಗ ಕುಂದ್ರಬೇಕು, ಒಬ್ರು ಎರಡೂ ಲೈನ್ ನೋಡ್ಬೇಕು. ಯಾರ ಗಾಡಿ ಕಡಿಮಿ ಕುಡಿತೈತಿ, ಅವ್ರಿಗೆ ಲೈನು.”

ಕೌಂಟರಿನಲ್ಲಿ ಫ್ಯಾನಿದೆ, ನೆರಳಿದೆ, ಮೂರು ಹೊತ್ತೂ ಚಹಾ ಇದೆ. ನನ್ನ ವಯಸ್ಸಿನವನು ಕೈಮುಗಿದು ಒಪ್ಪಿಕೊಳ್ಳಬೇಕಾದ ಜಾಗ. ಆದರೆ ನನಗೊಂದು ಕಾಯಿಲೆಯಿದೆ: ಕೂತರೆ ಚಿಂತೆ. ಗಾಡಿಯ ಮೇಲಿದ್ದಾಗ ನನ್ನ ಚಿಂತೆಗಳು ಗಾಳಿಗೆ ಹಿಂದೆ ಹಿಂದೆ ಬೀಳುತ್ತವೆ. ಮಾಗನೂರು ಬರುವ ಹೊತ್ತಿಗೆ ಬಿ.ಪಿ., ಕೃಷ್ಣಾ ಬರುವ ಹೊತ್ತಿಗೆ ಮಗಳ ಪರೀಕ್ಷೆ, ನದಿ ಕಂಡ ಕೂಡಲೇ ಉಳಿದದ್ದೆಲ್ಲ ಉದುರಿರುತ್ತದೆ. ಸ್ಟೂಲಿನ ಮೇಲೆ ಕೂತರೆ ಅವೂ ಪಕ್ಕದಲ್ಲಿ ಒಂದೊಂದು ಸ್ಟೂಲು ಎಳೆದುಕೊಂಡು ಕೂರುತ್ತವೆ. ಅದೂ ಅಲ್ಲದೆ ಆ ಲೈನು ನನ್ನದು. ಅಲ್ಲಿನ ಅಂಗಡಿಗಳವರು ನನ್ನನ್ನು ಕಂಡ ಕೂಡಲೇ ಮೊದಲು ನೀರು ಕೊಡುತ್ತಾರೆ, ಆಮೇಲೆ ಬೈಯುತ್ತಾರೆ. ಅಂಥದ್ದು ಬೇರೆ ಎಲ್ಲಿ ಸಿಗುತ್ತದೆ?

ಹಾಗಾಗಿ ನಾನು ಗೆಲ್ಲಬೇಕಿತ್ತು. ಗೆಲ್ಲುವುದಕ್ಕೆ ಒಂದೇ ಅಡ್ಡಿ: ಜೋಡಿದಾರನ ಆವರೇಜ್.

ನಮ್ಮ ಕಡೆ ಮೈಲೇಜ್ ಎಂದು ಯಾರೂ ಅನ್ನುವುದಿಲ್ಲ, ಆವರೇಜ್ ಅನ್ನುತ್ತೇವೆ. ಆವರೇಜ್ ಎಂದರೆ ಸರಾಸರಿ ಎಂದು ಶಾಲೆಯಲ್ಲಿ ಓದಿದ್ದೆ. ಆದರೆ ಸರಾಸರಿ ಹೇಳುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಗಾಡಿ ತನ್ನ ಜನ್ಮದಲ್ಲಿ ಒಮ್ಮೆ, ಹಿಂದಿನಿಂದ ಗಾಳಿ ಬೀಸುತ್ತಿದ್ದಾಗ, ಇಳಿಜಾರಿನಲ್ಲಿ ಕೊಟ್ಟ ಅಂಕಿಯನ್ನೇ ಎಲ್ಲರೂ ಆವರೇಜ್ ಎಂದು ಹೇಳುತ್ತಾರೆ. ಜೋಡಿದಾರನ ತೊಂದರೆ ಏನೆಂದರೆ, ಅವನು ಹೇಳಿದ್ದು ನಿಜವಾಗಿರುತ್ತಿತ್ತು.

ನಮ್ಮಿಬ್ಬರದೂ ಒಂದೇ ಕಂಪನಿಯ, ಒಂದೇ ಮಾದರಿಯ, ನೂರು ಸಿ.ಸಿ.ಯ ಗಾಡಿ. ಒಂದೇ ಶೋರೂಮಿನಲ್ಲಿ, ಒಂದೇ ವಾರದಲ್ಲಿ ತಂದದ್ದು. ಅವನದು ಕಪ್ಪು, ನನ್ನದು ಕೆಂಪು. ಅಷ್ಟೇ ವ್ಯತ್ಯಾಸ ಎಂದು ನಾನಂದುಕೊಂಡಿದ್ದೆ. ಅಂಗಡಿಯ ಮುಂದೆ ಚಹಾ ಕುಡಿಯುವಾಗ ದಿನಾ ಇದೇ ಮಾತು.

“ಎಷ್ಟು ಬರಾಕತ್ತೈತಿ, ದೋಸ್ತ?”

“ಬರ್ತೈತಿ.”

“ಬರ್ತೈತಿ ಅಂದ್ರ?”

“ಐವತ್ಮೂರು, ಐವತ್ನಾಕು.”

“ಹ್ಞಾಂ.” ಸತ್ತವರ ಮನೆಯ ಮುಂದೆ ಅನ್ನುವ ಹಾಗೆ ಅನ್ನುತ್ತಿದ್ದ. “ಹೋಗ್ಲಿ ಬಿಡು. ಕೆಂಪು ಗಾಡಿ ಸ್ವಲ್ಪ ಕುಡಿತಾವ.”

“ನಿಂದು?”

ಚಹಾಕ್ಕೆ ಉಫ್ ಎಂದು ಊದಿ, ಒಂದು ಗುಟುಕು ಕುಡಿದು, ಬೇಕೆಂತಲೇ ತಡಮಾಡಿ ಹೇಳುತ್ತಿದ್ದ: “ಅರವತ್ತೆಂಟು. ಗಾಳಿ ಇದ್ರ ಅರವತ್ತಾರು.”

ಈ ಅರವತ್ತೆಂಟು ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿಯಂತೆ ಕೂತಿತ್ತು. ಅವನಿಗೆ ಹೊಸ ಮನೆಯಾದಾಗ ನಾನು ಹೊಟ್ಟೆಕಿಚ್ಚು ಪಡಲಿಲ್ಲ. ಅವನ ಮಗನಿಗೆ ಸರ್ಕಾರಿ ನೌಕರಿ ಸಿಕ್ಕಾಗ ಪೇಡೆ ತಿಂದು ಬಂದೆ, ಅದೂ ಎರಡು. ಆದರೆ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಗಾಡಿಗಳಲ್ಲಿ ಒಂದು ಇನ್ನೊಂದಕ್ಕಿಂತ ಲೀಟರಿಗೆ ಮಕ್ತಲಿನಿಂದ ಮಾಗನೂರಿನಷ್ಟು ದೂರ ಹೆಚ್ಚು ಹೋಗುತ್ತದೆ ಎಂಬುದನ್ನು ಸಹಿಸಲು ನನಗೆ ಆಗಲಿಲ್ಲ.

ಪರೀಕ್ಷೆಗೆ ಸಾವ್ಕಾರರು ಒಂದು ತಿಂಗಳ ವಾಯಿದೆ ಕೊಟ್ಟರು. ನಾನು ಕೆಲಸ ಶುರುಮಾಡಿದೆ.

ಕ್ರಮ ಇದು: ಟ್ಯಾಂಕು ಫುಲ್ ಮಾಡಿಸಿ, ಮೀಟರು ಸೊನ್ನೆಗೆ ತಂದು, ಲೈನಿಗೆ ಹೋಗಿ ಬಂದು, ಮತ್ತೆ ಫುಲ್ ಮಾಡಿಸುವುದು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟು ಕುಡಿದಂತೆ. ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದರೆ ಆಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಈ ಬುದ್ಧಿ ನನಗೆ ಎರಡನೆಯ ವಾರ ಬಂತು. ಮೊದಲನೆಯ ವಾರ ಎಲ್ಲವನ್ನೂ ಒಟ್ಟಿಗೇ ಮಾಡಿದೆ.

ಏರ್ ಫಿಲ್ಟರ್ ಬದಲಿಸಿದೆ. ಅದರೊಳಗೆ ಅರ್ಧ ಕೃಷ್ಣಾ ಮಂಡಲದ ಮಣ್ಣಿತ್ತು. ಚೈನಿಗೆ ಎಣ್ಣೆ ಬಿಟ್ಟೆ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ತಿರುವಿ ಕಿವಿಗೊಟ್ಟೆ. ಸರ್ ಸರ್ ಎಂದು ಬ್ರೇಕು ಉಜ್ಜುತ್ತಿತ್ತು, ಅದನ್ನು ಸಡಿಲಿಸಿದೆ. ಒಂದೇ ಸುತ್ತಿಗೆ ನಿಲ್ಲುತ್ತಿದ್ದ ಗಾಲಿ ಸುಮ್ಮನೆ ತಿರುಗುತ್ತಲೇ ಇತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೆಂದರೆ, ನೆರೆಮನೆಯವರು ಬಂದು ಗಾಡಿ ಮಾರುತ್ತೀರೇನು ಎಂದು ಕೇಳಿದರು.

ಆಮೇಲೆ ಭಾರ ಇಳಿಸುವ ಕೆಲಸ. ಮುಂದಿನ ಗಾರ್ಡ್ ಬಿಚ್ಚಿದೆ. ಎಡಗಡೆಯ ಸೀರೆ ಗಾರ್ಡಿಗೆ ನಟ್ಟು ಬಿಚ್ಚುವ ಪಾನಾ ಹಚ್ಚಿದಾಗ ಹೆಂಡತಿ ಹೊರಗೆ ಬಂದಳು.

“ಅದ್ಯಾಕ ಬಿಚ್ಚಾಕತ್ತೀರಿ?”

“ಭಾರ ಆಗ್ತೈತಿ.”

“ನನ್ನ ಸೀರಿ ಗಾಲ್ಯಾಗ ಸಿಕ್ರ?”

“ಈ ತಿಂಗಳು ನಿನ್ನ ಎಲ್ಲಿ ಕುಂದ್ರಿಸ್ಕೊಂಡು ಹೋಗ್ತೀನಿ ಬಿಡು.”

ಆಕೆ ಬಿಚ್ಚಿಟ್ಟಿದ್ದ ಮುಂದಿನ ಗಾರ್ಡನ್ನು ಎತ್ತಿ ತೂಗಿ ನೋಡಿದಳು. “ಅಂದ್ರ, ಗಾರ್ಡ್‌ನ ಕೂಡ ನನ್ನೂ ಬಿಚ್ಚಿ ಇಟ್ರಿ ಅಂದಂಗಾತು.”

ಆ ವಾರ ಆಕೆ ತಂಗಿಯ ಮನೆಗೆ ಆಟೋದಲ್ಲಿ ಹೋಗಿ, ಆಟೋದಲ್ಲಿ ಬಂದಳು. ಆಟೋ ಎಷ್ಟು ಕುಡಿಯುತ್ತದೆ ಎಂದು ನನ್ನನ್ನೇ ಕೇಳಿದಳು.

ಗಾಳಿ ಹೆಚ್ಚು ತುಂಬಿದರೆ ಟೈರು ಹಗುರ ಓಡುತ್ತದೆ ಎಂದು ಯಾರೋ ಹೇಳಿದ್ದರು. ಕಂಪನಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ತುಂಬಿಸಿದೆ. ಗಾಡಿ ಹಗುರವೇನೋ ಆಯಿತು; ರಸ್ತೆಯ ಪ್ರತಿಯೊಂದು ಹರಳೂ ನನ್ನ ಹಲ್ಲಿಗೆ ತಿಳಿಯತೊಡಗಿತು. ಮಾಗನೂರಿಗಿಂತ ಮೊದಲು ಒಂದು ಗುಂಡಿಯಲ್ಲಿ ಗಾಡಿ ಪುಟಿದು, ಹಿಂದೆ ಕಟ್ಟಿದ್ದ ಕ್ಯಾಲ್ಸಿಯಂ ಕ್ಯಾನಿನ ಮುಚ್ಚಳ ಹಾರಿ, ಬಲಗಾಲಿನ ಮೇಲೆಲ್ಲ ಸುರಿಯಿತು. ಒಂದು ಕಾಲಿಗೆ ಮಾತ್ರ ಸುಣ್ಣ ಬಳಿದ ಕಂಬದಂತೆ ನಾನು ಅಂಗಡಿಯೊಳಗೆ ಹೋದೆ. ಅಂಗಡಿಯವರು ಹೇಳಿದರು: “ಬರ್ರಿ ಬರ್ರಿ. ಎಮ್ಮಿಗೆ ಕುಡಿಸೋದು ನೀವ ಕುಡುದು ಬಂದ್ರೇನು?”

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹಿಂದಿನ ಸೀಟಿನ ವಿಷಯ. ನನ್ನ ಲೈನಿನಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸಿ ಕೂರಿಸಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. ಮಕ್ತಲಿಗೆ ಹೊರಟ ಅಜ್ಜ, ಚೀಲ ಹಿಡಿದ ಮಾಸ್ತರು, ಒಮ್ಮೆ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡ ಕುರುಬ. ಒಬ್ಬರು ಇಳಿದರೆ ಇನ್ನೊಬ್ಬರು. ಹಾಗೆ ನೋಡಿದರೆ ನನ್ನ ಗಾಡಿ ಒಬ್ಬನನ್ನು ಹೊತ್ತು ಹೋದದ್ದೇ ಕಡಿಮೆ. ಇವರೆಲ್ಲ ಇಳಿದರೆ ಆವರೇಜ್ ಏರುತ್ತದೆಂದು ಲೆಕ್ಕ ಹಾಕಿ, ಆ ತಿಂಗಳು ಕೈ ಮಾಡಿದವರನ್ನು ಕಾಣದವನಂತೆ ದಾಟತೊಡಗಿದೆ. ಕಾಣದವನಂತೆ ದಾಟುವುದು ಸುಲಭವಲ್ಲ. ಕತ್ತನ್ನು ಎದುರಿಗೇ ಇಟ್ಟು, ದೊಡ್ಡ ಚಿಂತೆಯಲ್ಲಿದ್ದವನ ಮುಖ ಮಾಡಬೇಕು. ಮುಖದ ಮಟ್ಟಿಗೆ ನನಗೆ ತೊಂದರೆಯಾಗಲಿಲ್ಲ.

ಆದರೆ ಕೃಷ್ಣಾದ ಅಂಗಡಿಯ ಯಜಮಾನರು ನೀರು ಕೊಡದೆ ಕೇಳಿದರು: “ಏನ್ರೀ, ಮೊನ್ನೆ ನಮ್ಮ ಮಾವಾರು ಕೈ ಮಾಡಿದ್ರ ಹಂಗ ಹ್ವಾದ್ರಂತ? ಗಾಡಿಗೆ ಬ್ರೇಕ್ ಇಲ್ಲೋ, ನಿಮಗ ಕಣ್ಣಿಲ್ಲೋ?”

“ಪರೀಕ್ಷೆ ನಡದೈತ್ರಿ.”

“ಯಾರ್ದು?”

“ಗಾಡೀದು.”

ಅವರು ತಮ್ಮ ಲೆಕ್ಕದ ಪುಸ್ತಕ ಮುಚ್ಚಿದರು. ಆ ಸಲ ಕ್ಯಾಲ್ಸಿಯಂ ಬೇಡವೆಂದರು, ಜಂತಿನ ಔಷಧಿ ಇನ್ನೂ ಇದೆಯೆಂದರು. ಕಪಾಟು ಖಾಲಿಯಿರುವುದು ನನಗೆ ಕಾಣುತ್ತಲೇ ಇತ್ತು. ಯಾವ ಲೈನನ್ನು ಉಳಿಸಿಕೊಳ್ಳಲು ಹೊರಟಿದ್ದೆನೋ ಅದೇ ಲೈನು ನನಗೆ ಬೆನ್ನು ತಿರುಗಿಸುತ್ತಿತ್ತು. ಇಷ್ಟೆಲ್ಲ ಮಾಡಿ ಬಂದದ್ದು ಐವತ್ತೇಳು.

ಮರುದಿನದಿಂದ ಕೈ ಮಾಡಿದವರಿಗೆಲ್ಲ ನಿಲ್ಲಿಸಿದೆ. ಕೃಷ್ಣಾದ ಯಜಮಾನರ ಮಾವನವರನ್ನು ಮನೆಯ ಬಾಗಿಲಿಗೇ ಹೋಗಿ ಕರೆದುಕೊಂಡು ಬಂದು, ಅವರು ಬೇಡವೆಂದರೂ ಮಕ್ತಲಿಗೆ ಬಿಟ್ಟುಬಂದೆ. ಆವರೇಜ್ ಮತ್ತೆ ಐವತ್ಮೂರಕ್ಕೆ ಕೂತಿತು.

ಹೀಗೆ ಎಲ್ಲ ದಾರಿಯೂ ಮುಗಿದ ಮೇಲೆ ಮನುಷ್ಯ ಮಾಡಬಾರದ್ದನ್ನು ಮಾಡಿದೆ. ಜೋಡಿದಾರನ ಬೆನ್ನು ಹತ್ತಿದೆ. ಅವನು ಏನೋ ಗುಟ್ಟು ಮಾಡುತ್ತಿದ್ದಾನೆ, ಪೆಟ್ರೋಲಿಗೆ ಏನೋ ಬೆರೆಸುತ್ತಾನೆ, ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡುತ್ತಾನೆ, ಹೀಗೆ ನನ್ನ ತಲೆಯಲ್ಲಿ ಹತ್ತು ಅನುಮಾನಗಳಿದ್ದವು. ಒಂದು ದಿನ ಅವನು ಗದ್ವಾಲದ ಕಡೆ ಹೊರಟಾಗ, ಮಕ್ತಲ್ ದಾಟಿದ ಮೇಲೆ, ದೂರದಿಂದ ಹಿಂಬಾಲಿಸಿದೆ.

ಯಾರನ್ನಾದರೂ ಕದ್ದು ಹಿಂಬಾಲಿಸುವುದಿದ್ದರೆ ಅವರು ಜೋರಾಗಿ ಓಡಿಸುವವರಾಗಿರಬೇಕು. ಜೋಡಿದಾರ ನಲವತ್ತರ ಮೇಲೆ ಮುಳ್ಳು ಏರಿಸಲೇ ಇಲ್ಲ. ಹಾಲಿನ ಗಡಿಗೆ ತಲೆಯ ಮೇಲಿಟ್ಟುಕೊಂಡವನಂತೆ ಹೋಗುತ್ತಿದ್ದ. ದೂರದಲ್ಲಿ ಎತ್ತಿನಗಾಡಿ ಕಂಡರೆ ಅಲ್ಲಿಂದಲೇ ಎಕ್ಸಲೇಟರ್ ಬಿಟ್ಟುಬಿಡುತ್ತಿದ್ದ. ಅದರ ಹತ್ತಿರ ಬರುವ ಹೊತ್ತಿಗೆ ದಾರಿ ತಾನಾಗಿ ತೆರೆದಿರುತ್ತಿತ್ತು. ಹಿಂದಿನ ಕೆಂಪು ದೀಪ ಹೊತ್ತಿದ್ದನ್ನು ನಾನು ನೋಡಲೇ ಇಲ್ಲ. ಬ್ರೇಕೇ ಇಲ್ಲ. ಕೈಯಿಂದ ತಿರುವಿ ಗಳಿಸಿದ ಓಟವನ್ನು ಕಾಲಿನಿಂದ ತುಳಿದು ಕೊಲ್ಲುವವನು ನಾನು. ಅವನು ಗಳಿಸಿದ್ದನ್ನು ಪೂರ್ತಿ ತಿನ್ನುತ್ತಿದ್ದ.

ಅಮರಚಿಂತೆ ಇನ್ನೂ ದೂರವಿರುವಾಗ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ತಿರುಗಿ ನೋಡದೆ ಕೈ ಮೇಲೆತ್ತಿ ಕರೆದ.

“ಬಾ, ಬಾ. ಮಕ್ತಲ್‌ದಿಂದ ಹಿಂದ ಬರಾಕತ್ತಿ. ಕನ್ಯಾ ನೋಡಾಕ ಬಂದವ್ರಂಗ ದೂರದಿಂದ್ಯಾಕ ನೋಡ್ತಿ? ಹತ್ತರ ಬಂದು ನೋಡು.”

“ಈ ಕಡೆ ಸ್ವಲ್ಪ ಕೆಲ್ಸ ಇತ್ತು.”

“ಅಮರಚಿಂತ್ಯಾಗ ನಿಂದೇನು ಕೆಲ್ಸ?”

“ನಮ್ಮ ಸಂಬಂಧಿಕರು ಅದಾರ.”

“ಯಾರು?”

ನಾನು ಗಡಿಬಿಡಿಯಲ್ಲಿ ಯಾರ ಹೆಸರನ್ನೂ ಹುಟ್ಟಿಸಲಾರದೆ ಮರದ ಮೇಲೆ ನೋಡಿದೆ. ಅವನು ಹೊಟ್ಟೆ ಹಿಡಿದು ನಕ್ಕ. “ಕುಳ್ಳು, ದೋಸ್ತ. ನಿಂದು ಕುಳ್ಳು!”

ತೆಲುಗಿನಲ್ಲಿ ಕುಳ್ಳು ಎಂದರೆ ಹೊಟ್ಟೆಕಿಚ್ಚು. ನಮ್ಮ ಕನ್ನಡದಲ್ಲಿ ಕುಳ್ಳು ಎಂದರೆ ಸಗಣಿ ತಟ್ಟಿ ಒಣಗಿಸಿ ಒಲೆಗೆ ಹಾಕುವುದು. ಎರಡು ಭಾಷೆಯವರೂ ಕೂತು ಮಾತಾಡಿಕೊಂಡು ಇಟ್ಟ ಹೆಸರೇ ಇರಬೇಕು. ಜ್ವಾಲೆಯಿಲ್ಲ, ಸಪ್ಪಳವಿಲ್ಲ, ಒಳಗೊಳಗೇ ದಿನವಿಡೀ ಹೊಗೆಯಾಡುತ್ತದೆ. ಕಣ್ಣು ಉರಿಯುವುದು ಮಾತ್ರ ಒಲೆಯ ಮುಂದೆ ಕೂತವನದು.

ಅಂದು ಸಂಜೆ ಫುಲ್ ಮಾಡಿಸಿ ಭಾಗಿಸಿದರೆ, ಅರವತ್ನಾಲ್ಕು. ಪಂಪಿನಲ್ಲೇ ಮೂರು ಸಲ ಲೆಕ್ಕ ಹಾಕಿದೆ. ಗಾಡಿಗೆ ಹೊಸದಾಗಿ ಏನೂ ಮಾಡಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಅವನ ಬೆನ್ನು ಹತ್ತಿ, ಅವನು ಹೋದಷ್ಟೇ ನಿಧಾನ ಹೋಗಿ, ಅವನು ಬಿಟ್ಟಲ್ಲಿ ಬಿಟ್ಟು, ಅವನ ಆವರೇಜನ್ನು ನಾನೂ ಹೆಚ್ಚೂಕಡಿಮೆ ಮುಟ್ಟಿದ್ದೆ. ಅವನ ಗುಟ್ಟು ಸಿಕ್ಕಿತೆಂದು ಖುಷಿಯಾಯಿತು. ಅವನ ಅರವತ್ತೆಂಟಕ್ಕೆ ಇನ್ನೂ ನಾಲ್ಕು ಕಡಿಮೆ ಬಿತ್ತಲ್ಲ ಎಂದು ಖುಷಿ ಮನೆ ಮುಟ್ಟುವ ಮೊದಲೇ ಹೋಯಿತು.

ಉಳಿದ ದಿನಗಳು ಕೈ-ಕಾಲಿನ ಅಭ್ಯಾಸಕ್ಕೆ ಹೋದವು. ಗಾಡಿಯಲ್ಲಿ ಇನ್ನು ಬಿಚ್ಚುವುದೇನೂ ಉಳಿದಿರಲಿಲ್ಲ, ತಿದ್ದಬೇಕಾದದ್ದು ನನ್ನನ್ನು. ನಲವತ್ತರಲ್ಲಿ ಹೋಗುವುದು ಸುಲಭ ಎಂದುಕೊಂಡವರು ಹೋಗಿ ನೋಡಬೇಕು. ಸೈಕಲ್ಲಿನವರು ಜೊತೆಯಲ್ಲಿ ಬಂದು ಮಾತಾಡಿಸುತ್ತಾರೆ. ಟ್ರ್ಯಾಕ್ಟರಿನವರು ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ. ಆದರೂ ಕಲಿತೆ. ಗುಡ್ಡ ಏರುವ ಮೊದಲೇ ಗೇರು ಇಳಿಸುವುದು, ಏರುವಾಗ ಹಿಂಡದಿರುವುದು, ಊರು ಬರುವ ಬೋರ್ಡು ಕಂಡಲ್ಲೇ ಕೈ ಬಿಡುವುದು. ಆಶ್ಚರ್ಯವೆಂದರೆ ಹಿಂದೆ ಒಬ್ಬರು ಕೂತಿದ್ದರೂ ಅರವತ್ತರ ಹತ್ತಿರ ಬರತೊಡಗಿತು. ಕೃಷ್ಣಾದ ಅಂಗಡಿಯಲ್ಲಿ ಮತ್ತೆ ನೀರು ಸಿಕ್ಕಿತು.

ಪರೀಕ್ಷೆಯ ದಿನ ಬೆಳಿಗ್ಗೆ ನಾರಾಯಣಪೇಟೆಯ ಪಂಪಿನಲ್ಲಿ ಸಾವ್ಕಾರರು ನಮಗಿಂತ ಮೊದಲೇ ಬಂದು ನಿಂತಿದ್ದರು. ಇಬ್ಬರೂ ಫುಲ್ ಮಾಡಿಸಿ, ಮಕ್ತಲ್, ಅಮರಚಿಂತೆ, ಜುರಾಲ ಡ್ಯಾಮಿನ ಮೇಲಿಂದ ಗದ್ವಾಲಕ್ಕೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರಬೇಕು. ಒಟ್ಟು ನೂರ ಐವತ್ತು ಕಿಲೋಮೀಟರಿನ ಆಸುಪಾಸು. ಒಬ್ಬರ ಕಣ್ಣಿಗೆ ಒಬ್ಬರು ಕಾಣುತ್ತಿರಬೇಕು. ಸಂಜೆ ಇದೇ ಪಂಪಿನಲ್ಲಿ ಮತ್ತೆ ಫುಲ್.

“ಫುಲ್ ಅಂದ್ರ ಫುಲ್,” ಎಂದರು ಸಾವ್ಕಾರರು, ನನ್ನ ಸೀಟಿನ ಮೇಲೆ ಎರಡೂ ಕೈ ಊರಿಕೊಂಡು. “ಸಂಜಿಕೆ ಎಷ್ಟು ಹಿಡಿತೈತಿ, ಅಷ್ಟು ಕುಡದೈತಿ. ಅದರಾಗ ಮಾತಿಲ್ಲ.” ಪಂಪಿನವನು ಅವರ ಭಯಕ್ಕೆ ನಾಝಲ್ ಟಕ್ ಎಂದ ಕೂಡಲೇ ಎತ್ತಿಬಿಟ್ಟ. ಜೋಡಿದಾರನ ಗಾಡಿಗೂ ಹಾಗೆಯೇ.

ನಾನು ಅವನ ಹಿಂದೆ ಹೊರಟೆ. ಅಂದು ಎಲ್ಲವೂ ಹೇಗೆ ಸರಿಯಿತ್ತೆಂದರೆ ನನಗೇ ಭಯವಾಗತೊಡಗಿತು. ನಾರ್ವ ಕ್ರಾಸಿನ ನಾಯಿ ಮಲಗಿತ್ತು. ಕಣ್ಣು ತೆರೆದು ನೋಡಿ, ಈ ವೇಗಕ್ಕೆ ಏಳುವುದು ತನ್ನ ಮರ್ಯಾದೆಗೆ ಕಡಿಮೆ ಎಂಬಂತೆ ಮತ್ತೆ ಮುಚ್ಚಿತು. ಕುರಿಗಳು ದೂರದ ಹೊಲದಲ್ಲಿದ್ದವು. ಡ್ಯಾಮಿನ ಮೇಲೆ ಗಾಳಿಯೇ ಇರಲಿಲ್ಲ. ಗದ್ವಾಲದಲ್ಲಿ ಲಾರಿಗಳು ದಾರಿ ಬಿಟ್ಟುಕೊಟ್ಟವು.

ತಿರುಗಿ ಬರುವಾಗ ಡ್ಯಾಮಿನ ಈಚೆ, ಮೀನು ಕರಿಯುವ ಅಂಗಡಿಗಳ ಸಾಲಿನ ಕೊನೆಗೆ, ಮೆಣಸಿನಕಾಯಿ ಬಜ್ಜಿ ಮಾಡುವವಳ ಹತ್ತಿರ ನಿಲ್ಲಿಸಿದೆವು. ಜೋಡಿದಾರ ಗಾಡಿಯಿಂದ ಇಳಿಯಲಿಲ್ಲ; ಗಾಡಿಯೇ ಅವನನ್ನು ಇಳಿಸಿದಂತಿತ್ತು. ಸೊಂಟಕ್ಕೆ ಕೈ ಕೊಟ್ಟು, ಹಲ್ಲು ಕಚ್ಚಿ, ನಿಧಾನವಾಗಿ ನೆಟ್ಟಗಾದ.

“ಏನಾತು?”

“ಸೊಂಟ. ಹ್ವಾದ ವರ್ಷದಿಂದ ಐತಿ.” ಬಜ್ಜಿಯ ಕಾಗದ ಬಿಚ್ಚುತ್ತ ಹೇಳಿದ. “ಖರೇ ಹೇಳ್ಲ್ಯಾ, ದೋಸ್ತ? ನನಗ ಕೌಂಟರ್ ಬೇಕಾಗಿತ್ತು. ಫ್ಯಾನಿನ ಕೆಳಗ ಕುಂತು ಚಹಾ ಕುಡಿಯೋದು. ಡಾಕ್ಟ್ರೂ ಅದನ್ನ ಹೇಳ್ಯಾರ, ಗಾಡಿ ಬಿಡು ಅಂತ.”

ಬಜ್ಜಿ ನನ್ನ ಕೈಯಲ್ಲೇ ಉಳಿಯಿತು. “ಹಂಗಾರ ಮೊದಲ ದಿನ ಹೇಳಬೇಕಿಲ್ಲೋ, ಮಾರಾಯ! ನಾ ಒಂದು ತಿಂಗಳಿಂದ ಹೆಂಡತಿ ಕಡೆ ಬೈಸ್ಕೊಳ್ಳಾಕತ್ತೀನಿ!”

“ಹ್ಯಾಂಗ ಹೇಳ್ಲಿ? ಆವರೇಜ್‌ದಾಗ ಸೋಲ್ತಾನ ಅಂತ ಸೊಂಟದ ನೆಪ ತಗದ ಅಂತಾರ. ಅರವತ್ತೆಂಟು ಅಂತ ಊರಿಗೆಲ್ಲಾ ಹೇಳೀನಿ.”

“ಸುಮ್ನ ಸೋತುಬಿಡು ಈಗ. ಇಲ್ಲಿಂದ ಜೋರು ಓಡ್ಸು, ಬ್ರೇಕ್ ಹೊಡಿ.”

“ಏಯ್, ನಿನ್ನ ಮುಂದ ಸೋಲ್ಲ್ಯಾ?” ಎಂದ. ಬಜ್ಜಿ ಕಚ್ಚಿ, ನೀರಿನ ಕಡೆ ನೋಡುತ್ತ: “ನಿನ್ನ ಲೈನ್‌ದಾಗ ನಿನ್ನ ಕರದು ಕುಂದ್ರಿಸಿ ನೀರು ಕೊಡ್ತಾರಂತ. ನನ್ನ ಕಡೆ ಅಂಗಡ್ಯಾಗ ‘ಏಮಯ್ಯಾ, ಸ್ಕೀಮ್ ಏಮುಂದಿ’, ರಿಯಾಯ್ತಿ ಏನೈತಿ ಅಂತನ ಶುರು ಮಾಡ್ತಾರ. ಕುರ್ಚಿ ಸೈತ ಹಾಕಂಗಿಲ್ಲ. ನನ್ನ ಹಿಂದ ಯಾರೂ ಕುಂದ್ರಂಗಿಲ್ಲ, ಸೀಟಿನ ಪ್ಲಾಸ್ಟಿಕ್ ಇನ್ನೂ ಹಂಗ ಐತಿ ನೋಡು. ನನಗೂ ಕುಳ್ಳು ಐತಪಾ.”

ಆ ಮಾತು ಕೇಳಿದ ಕೂಡಲೇ ಬಜ್ಜಿಗೆ ಎಲ್ಲಿಲ್ಲದ ರುಚಿ ಬಂತು ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತೇನೆ.

ನಿಜಕ್ಕೂ ತೀರ್ಮಾನವಾದದ್ದು ಅಲ್ಲಿ, ಆ ಬಜ್ಜಿಯ ಬಾಣಲೆಯ ಪಕ್ಕದಲ್ಲಿ. ನನಗೆ ಲೈನು ಬೇಕು, ಅವನಿಗೆ ಕೌಂಟರು ಬೇಕು. ಜೇಬಿನಲ್ಲಿ ಫೋನಿತ್ತು. ಸಾವ್ಕಾರರಿಗೆ ಒಂದು ಮಾತು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಇಬ್ಬರೂ ಜೋರಾಗಿ ಗಾಡಿ ಓಡಿಸಿಕೊಂಡು, ಬೇಕಾದಷ್ಟು ಬ್ರೇಕು ತುಳಿದು, ನಗುತ್ತ ಮನೆಗೆ ಬರಬಹುದಿತ್ತು. ನಾನು ಫೋನು ಹೊರಗೆ ತೆಗೆದೆ ಕೂಡ. ಆದರೆ ಹಾಗೆ ಮಾಡಿದರೆ ಅವನ ಅರವತ್ತೆಂಟು ಜನ್ಮಪೂರ್ತಿ ಹಾಗೆಯೇ ಉಳಿಯುತ್ತಿತ್ತು. ದಿನಾ ಚಹಾದ ಹೊತ್ತಿಗೆ, ಉಫ್ ಎಂದು ಊದಿ, ಅಂದು ಕೊನೆಯವರೆಗೆ ಓಡಿಸಿದ್ದರೆ ಏನಾಗುತ್ತಿತ್ತೋ ಎಂದು ಅವನು ಹೇಳುತ್ತಿದ್ದ, ನಾನು ಕೇಳುತ್ತಿದ್ದೆ.

“ಆಮ್ಯಾಲ ಹೇಳೋಣೇನು?” ಎಂದೆ.

“ಆಮ್ಯಾಲ,” ಎಂದ ಅವನು, ನನಗಿಂತ ಬೇಗ. “ಮೊದಲು ಯಾರು ಗೆಲ್ತಾರ ನೋಡೋಣು.”

ಫೋನು ಜೇಬಿಗೆ ಹೋಯಿತು. ಮಕ್ತಲಿನವರೆಗೆ ನಾನು ಮುಂದೆ ಹೋದೆ. ಆ ದಾರಿಯಲ್ಲಿ ನಾನು ಓಡಿಸಿದಷ್ಟು ಚೆನ್ನಾಗಿ ಯಾವತ್ತೂ ಓಡಿಸಿಲ್ಲ. ಬ್ರೇಕು ಮುಟ್ಟಲೇ ಇಲ್ಲ. ಕನ್ನಡಿಯಲ್ಲಿ ಅವನ ಕಪ್ಪು ಗಾಡಿ ಸಣ್ಣದಾಗಿ, ಒಂದೇ ಅಂತರದಲ್ಲಿ, ನನ್ನ ಹಿಂದೆ ಬರುತ್ತಿತ್ತು. ಈ ಸಲ ಕನ್ಯೆ ನೋಡಲು ಬಂದವನು ಅವನು.

ಪಂಪು ಮುಟ್ಟಿದಾಗ ಬಿಸಿಲು ಇಳಿದಿತ್ತು. ಸಾವ್ಕಾರರು ಆಚೆ ಗಾಳಿ ತುಂಬುವಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ನನ್ನದು ಮೊದಲು. ಡಬಲ್ ಸ್ಟ್ಯಾಂಡ್ ಹಾಕಿದೆ. ಪಂಪಿನವನು ನಾಝಲ್ ಇಟ್ಟ. ಅಂಕಿ ಏರಿತು, ಏರಿತು, ಟಕ್ ಎಂದು ನಿಂತಿತು: ಎರಡು ಲೀಟರ್ ಹತ್ತೊಂಬತ್ತು. ಮನಸ್ಸಿನಲ್ಲೇ ಭಾಗಿಸಿದೆ. ಅರವತ್ತೆಂಟರ ಮೇಲಿತ್ತು. ಮೇಲೆ!

ಈಗ ಒಂದು ರೂಢಿಯ ಮಾತು ಹೇಳಬೇಕು. ನನ್ನ ವಯಸ್ಸಿನ ಗಂಡಸರು ನಮ್ಮ ಕಡೆ ಟ್ಯಾಂಕು ಫುಲ್ ಮಾಡಿಸುವಾಗ ಗಾಡಿಯ ಹಿಂದಿನ ಹಿಡಿಕೆ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಲ್ಲಾಡಿಸುತ್ತಾರೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬಂದು, ಇನ್ನೂ ಒಂದಿಷ್ಟು ಪೆಟ್ರೋಲು ಹಿಡಿಯಲಿ ಎಂದು. ಯಾರೂ ಕಲಿಸಿದ್ದಲ್ಲ. ಊಟಕ್ಕೆ ಕೂತಾಗ ಎಲೆಗೆ ನೀರು ಚಿಮುಕಿಸಿದಂತೆ, ಕೈ ತಾನಾಗಿ ಮಾಡುತ್ತದೆ. ಬೆಳಿಗ್ಗೆ ಸೀಟಿನ ಮೇಲೆ ಸಾವ್ಕಾರರ ಭಾರವಿತ್ತು, ಅಲ್ಲಾಡಿಸಲು ಆಗಿರಲಿಲ್ಲ. ಈಗ ಆ ಭಾರವಿರಲಿಲ್ಲ.

ಗೆದ್ದ ಸಂತೋಷಕ್ಕೆ ನಾನು ಗಾಡಿ ಅಲ್ಲಾಡಿಸಿದೆ.

ಟ್ಯಾಂಕು ಗುಳುಗುಳು ಎಂದಿತು. ಪಂಪಿನವನು ಒಳಗೆ ಇಣುಕಿ, “ಇಂಕಾ ಪಡ್ತದಿ ಅನ್ನಾ,” ಇನ್ನೂ ಹಿಡಿಯುತ್ತದೆ ಎಂದು, ನನಗೆ ಉಪಕಾರ ಮಾಡುವವನ ಹಾಗೆ ಮತ್ತೆ ಒತ್ತಿದ. ಬೇಡ ಬೇಡ ಎನ್ನುವಷ್ಟರಲ್ಲಿ ಅಂಕಿ ಓಡಿಬಿಟ್ಟಿತ್ತು. ಎರಡು ಮೂವತ್ತಾರು.

ಜೋಡಿದಾರ ನೋಡುತ್ತಲೇ ಇದ್ದ. ಅವನ ಸರದಿ ಬಂತು. ಟಕ್: ಎರಡು ಇಪ್ಪತ್ತೆರಡು. ಅವನ ಕೈಯೂ ಹಿಂದಿನ ಹಿಡಿಕೆಯ ಮೇಲಿತ್ತು. ಜೋರಾಗಿ ಎರಡು ಸಲ ಅಲ್ಲಾಡಿಸಿದ್ದರೆ ಸಾಕಿತ್ತು, ಕೌಂಟರು ಅವನದು. ನನ್ನ ಮುಖ ನೋಡಿದ. ಹಿಡಿಕೆ ನೋಡಿದ.

“ಸಾಕು,” ಎಂದ ಪಂಪಿನವನಿಗೆ, ಕೈ ತೆಗೆದು.

ಸಾವ್ಕಾರರು ಬಂದು ಎರಡೂ ಅಂಕಿ ಕೇಳಿದರು. ನಾನು ಗಾಡಿ ಅಲ್ಲಾಡಿಸಿದ ಕಥೆ ಹೇಳಿದೆ. “ಟಾಕ್ಯಾಗ ಹೋತೋ ಇಲ್ಲೋ? ಹೋತಂದ್ರ ಕುಡದೈತಿ,” ಎಂದರು. ಜೋಡಿದಾರನ ಸೊಂಟದ ಮೇಲೆ ಬಲವಾಗಿ ಒಂದು ಶಾಬಾಸ್ ಕೊಟ್ಟರು. ಅವನ ಕಣ್ಣಲ್ಲಿ ನೀರು ಬಂತು. ಪಂಪಿನಲ್ಲಿದ್ದವರೆಲ್ಲ ಸಂತೋಷಕ್ಕೆಂದುಕೊಂಡರು. “ನಾಳಿಂದ ಎರಡೂ ಲೈನು ನಿಂದ. ಏನಂತಿ?”

ಈಗ ಹೇಳುತ್ತಾನೆ ಎಂದುಕೊಂಡೆ. ಸುತ್ತ ನಾಲ್ಕು ಜನ ಅವನ ಗಾಡಿಯನ್ನೇ ನೋಡುತ್ತಿದ್ದರು. ಒಬ್ಬ ಆಗಲೇ ಕೇಳುತ್ತಿದ್ದ, ಇಷ್ಟು ಆವರೇಜ್ ಹೆಂಗ್ ತಗೀತಿ ಅಂತ.

“ಆತ್ರಿ, ಸಾವ್ಕಾರ್ರ,” ಎಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ, ಅರವತ್ತೇಳೂವರೆ ತೆಗೆದು ನಿಂತು, ನಾನಾದರೂ ಹಿಡಿಕೆ ಅಲ್ಲಾಡಿಸುತ್ತಿದ್ದೆನೇ? ಇಲ್ಲ. ಸಾವ್ಕಾರರು ಅತ್ತ ಹೋದ ಮೇಲೆ ಅವನು ಹತ್ತಿರ ಬಂದು, ಅಳುವಂಥ ದನಿಯಲ್ಲಿ, “ಯಾಕ ಅಲ್ಲಾಡಿಸ್ದಿ, ಯಪ್ಪಾ? ಯಾಕ?” ಎಂದ.

ಆ ದಿನ ಕೆಟ್ಟದ್ದು ನನ್ನ ಕೈಯೊಂದೇ. ನಾನು ಟ್ಯಾಂಕಿನ ಮುಚ್ಚಳ ಒತ್ತಿದೆ. ಕುತ್ತಿಗೆಯವರೆಗೂ ತುಂಬಿತ್ತು, ಒತ್ತುವಾಗ ಒಂದು ಹನಿ ಹೊರಗೆ ಬಂದು ಕೆಂಪು ಬಣ್ಣದ ಮೇಲೆ ಇಳಿಯಿತು. ನನ್ನ ಗಾಡಿಯ ಟ್ಯಾಂಕು ಅಷ್ಟು ತುಂಬಿದ್ದು ಅದೇ ಮೊದಲು, ನಾಳೆಯಿಂದ ಎಲ್ಲಿಗೂ ಹೋಗಬೇಕಾಗಿಲ್ಲದಾಗ.